ಸದ್ದಿಲ್ಲದ ಟ್ಯಾಪೆಟ್

2022ರ ಬೇಸಿಗೆ. ಆಗ ನಾನು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ವಾಹನಗಳ ಹೊಗೆ ತಪಾಸಣೆ ಕೇಂದ್ರ ನಡೆಸುತ್ತಿದ್ದೆ. ಆಟೋಮೊಬೈಲ್ ಡಿಪ್ಲೊಮಾ ಮಾಡಿದ ಹೆಂಗಸು ಹೇಗಿರುತ್ತಾಳೆಂದು ಮೊದಮೊದಲು ಆಟೋದವರು ಇಣುಕಿ ನೋಡಿ ಹೋಗುತ್ತಿದ್ದರು. ಆಮೇಲೆ ‘ಹೊಗಿ ಮೇಡಂ’ ಎಂದು ಹೆಸರಿಟ್ಟರು. ಅದರಲ್ಲಿ ಗೌರವ ಅರ್ಧ, ಸಿಟ್ಟು ಅರ್ಧ. ಸೈಲೆನ್ಸರಿನೊಳಗೆ ಯಂತ್ರದ ಕೊಳವೆ, ಅಂದರೆ ಪ್ರೋಬ್, ಹಾಕಿ ಅಳೆಯದೆ ನಾನು ಯಾರಿಗೂ ಸರ್ಟಿಫಿಕೇಟ್ ಕೊಡುತ್ತಿರಲಿಲ್ಲ, ಸಿಟ್ಟು ಅದಕ್ಕೆ.

ಒಂದು ಮಧ್ಯಾಹ್ನ ಕುರುಗೋಡಿನ ಕಿರಾಣಿ ವ್ಯಾಪಾರಿ ಬಸವರಾಜಪ್ಪ ತಮ್ಮ ಪುಟ್ಟ ಬಿಳಿ ಪೆಟ್ರೋಲ್ ಕಾರು ತಂದರು. ಕಾರ್ಬೊರೇಟರ್ ಕಾಲದ್ದು, ಇಪ್ಪತ್ತೈದು ವರ್ಷ ಹಳೆಯದು. ಅಂಥ ಕಾರಿನ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಹೊಗೆ ಸರ್ಟಿಫಿಕೇಟ್ ಇಲ್ಲದೆ ಅದು ಆಗುವುದಿಲ್ಲ. ಅವರ ಆರ್‌ಸಿ ಮುಗಿಯಲು ಒಂದು ವಾರ ಉಳಿದಿತ್ತು. ಹೆಂಡತಿ ಗೌರಮ್ಮನಿಗೆ ವಾರಕ್ಕೆರಡು ಸಲ ಬಳ್ಳಾರಿಯಲ್ಲಿ ಡಯಾಲಿಸಿಸ್. ಅದು ಮುಗಿದ ಮೇಲೆ ಬಸ್ಸಿನಲ್ಲಿ ಕೂರುವ ತ್ರಾಣ ಆಕೆಗಿರಲಿಲ್ಲ. ಆಕೆಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಇವರು ನನ್ನಲ್ಲಿಗೆ ಬಂದಿದ್ದರು.

ಪ್ರೋಬ್ ಹಾಕಿದೆ. ಕಾರ್ಬನ್ ಮಾನಾಕ್ಸೈಡ್ ಶೇಕಡಾ ಆರರ ಮೇಲೆ ಹೋಯಿತು. ಆ ಕಾಲದ ಕಾರಿಗೆ ಮಿತಿ ಮೂರು.

“ನಿಮ್ಮ ಗಾಡಿ ಭಾಳ ರಿಚ್ ಐತ್ರಿ” ಎಂದೆ.

“ಮಾಲಕನ ಕಿಸೆ ಖಾಲಿ ಐತಿ, ಗಾಡಿ ಹೆಂಗ ರಿಚ್ ಆಕೈತ್ರಿ ಮೇಡಂ?”

ನಕ್ಕು ವಿವರಿಸಿದೆ. ಎಂಜಿನ್ನಿಗೆ ಹೋಗುವ ಗಾಳಿಯ ಲೆಕ್ಕಕ್ಕೆ ಪೆಟ್ರೋಲಿನ ಪಾಲು ಹೆಚ್ಚಾದರೆ ನಮ್ಮ ಭಾಷೆಯಲ್ಲಿ ಅದು ರಿಚ್. ಕಾರ್ಬೊರೇಟರಿನ ಒಂದು ಸ್ಕ್ರೂ ತಿರುಗಿಸಿ ಅದನ್ನು ತಗ್ಗಿಸಬಹುದು. ಪಕ್ಕದ ಗ್ಯಾರೇಜಿನ ಖಲೀಲ್‌ನನ್ನು ಕರೆದೆ. ಅವನು ಕಾರು ನೋಡಿದವನೇ, “ಅಕ್ಕಾ, ರಿಚ್ ಮಾಡಿದಾಂವ ನಾನ. ಇವ್ರೇ ಹೇಳಿದ್ರು” ಅಂದ. ಸ್ಕ್ರೂ ತಿರುಗಿಸಿದ. ಅಂಕಿ ಮೂರರ ಕೆಳಗೆ ಇಳಿಯಿತು.

ಪ್ರಿಂಟ್ ಕೊಡಬಹುದಿತ್ತು. ಆದರೆ ಬಸವರಾಜಪ್ಪ ಪುಣ್ಯಾತ್ಮರು, ಸುಳ್ಳು ಹೇಳಲು ಬಾರದವರು. “ಲಗೂನ ಪ್ರಿಂಟ್ ತಗೀರಿ ಮೇಡಂ, ಹೊರಗ ಹೋಗಿ ಸ್ಕ್ರೂ ಮತ್ತ ತಿರುವಿಸ್ಕೋತೀನಿ” ಅಂದುಬಿಟ್ಟರು.

ನನಗೆ ರೇಗಿತು. “ಟೆಸ್ಟಿಗೊಂದು ಗಾಡಿ, ರಸ್ತೆಗೊಂದು ಗಾಡಿ ಏನ್ರಿ? ಹಂಗಾದ್ರ ನಾ ಇಲ್ಲಿ ಯಾಕ ಕುಂತೀನಿ?”

ಅವರ ಮುಖ ಸಣ್ಣದಾಯಿತು. “ಹಿಂಗ ಬಿಟ್ರ ದಾರ್ಯಾಗ ನಿಲ್ತೈತ್ರಿ. ಹೋದ ತಿಂಗಳು ಕುರುಗೋಡು ರಸ್ತ್ಯಾಗ ನಿಂತಿತ್ತು. ಡಯಾಲಿಸಿಸ್ ಆದಾಕಿ ಬೆಂಕಿಯಂಥ ಬಿಸಲಾಗ ಒಳಗ ಕುಂತಿದ್ಲು. ಆಕಿ ಕೈ ತಣ್ಣಗಾಗಿತ್ತು. ಆವತ್ತ ಖಲೀಲಗ ಹೇಳೀನಿ, ಏನರ ಮಾಡು, ಗಾಡಿ ನಿಲ್ಲಬಾರ್ದು ಅಂತ.”

ನನ್ನ ಸಿಟ್ಟು ಇಳಿದುಹೋಯಿತು. ಆದರೂ ಪ್ರಿಂಟ್ ಕೊಡಲಿಲ್ಲ. ನಿಲ್ಲುವ ಎಂಜಿನ್ನಿಗೆ ಪೆಟ್ರೋಲ್ ಸುರಿಯುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನಿಲ್ಲುವುದೇಕೆ ಎಂದು ಮೊದಲು ತಿಳಿಯಬೇಕಿತ್ತು.

ಎಂಜಿನ್ ಚಾಲೂ ಇಟ್ಟು ಕಾರನ್ನು ಬಿಸಿಲಿಗೆ ನಿಲ್ಲಿಸಿದೆವು. ಮೊದಲು ಸಮನಾಗಿ ಓಡುತ್ತಿದ್ದ ಎಂಜಿನ್ ಕಾದಷ್ಟೂ ನಡುಗತೊಡಗಿ ಕೊನೆಗೆ ನಿಂತೇಬಿಟ್ಟಿತು. ಅಷ್ಟು ಹೊತ್ತೂ ನನ್ನ ಕಿವಿಗೆ ಇನ್ನೊಂದು ಸಂಗತಿ ಬಿದ್ದಿತ್ತು. ಟ್ಯಾಪೆಟ್ ಸದ್ದೇ ಇರಲಿಲ್ಲ. ಎಂಜಿನ್ನಿನ ವಾಲ್ವನ್ನು ಒತ್ತಿ ತೆರೆಯುವ ಭಾಗಕ್ಕೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು, ಟ್ಯಾಪೆಟ್ ಗ್ಯಾಪ್ ಎಂದರೆ ಅದೇ. ಅದರಿಂದಲೇ ಹಳೆಯ ಎಂಜಿನ್ ಸಣ್ಣಗೆ ಟಕಟಕ ಅನ್ನುತ್ತದೆ. ಸಂದು ಇಲ್ಲದಂತೆ ಬಿಗಿ ಮಾಡಿದರೆ ಸದ್ದು ಹೋಗುತ್ತದೆ, ಆದರೆ ಲೋಹ ಕಾದು ಹಿಗ್ಗಿದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಎಂಜಿನ್ ಬಲ ಕಳೆದುಕೊಳ್ಳುತ್ತದೆ. ವಯಸ್ಸಾದ ಎಂಜಿನ್ ಸ್ವಲ್ಪ ಗೊಣಗುತ್ತಿರಬೇಕು, ನಮ್ಮ ಮನೆಗಳ ಹಿರಿಯರಂತೆ.

“ಟ್ಯಾಪೆಟ್ ಯಾರ್ ಬಿಗಿ ಮಾಡಿದ್ರು?” ಎಂದೆ.

ಬಸವರಾಜಪ್ಪ ತಲೆ ತಗ್ಗಿಸಿದರು. “ಸಿರುಗುಪ್ಪದಾಗ ನಾನ ಮಾಡಿಸೀನ್ರಿ. ವಾಪಸ್ ಬರೋ ಮುಂದ ನಮ್ಮಾಕಿ ಕಣ್ಣು ಮುಚ್ಕೊಂಡು ಹಣಿ ಒತ್ಕೋತಿದ್ಲು. ಈ ಟಕಟಕ ಆಕಿಗಿ ತ್ರಾಸು ಕೊಡ್ತೈತಿ ಅನಿಸ್ತು. ಸದ್ದು ಒಟ್ಟ ಬರಬಾರ್ದು ಅಂತ ಕುಂತು ಮಾಡಿಸ್ದೆ.”

ಹೆಂಡತಿಗೆ ತ್ರಾಸಾಗದಿರಲೆಂದು ಸದ್ದು ನಿಲ್ಲಿಸಿದ್ದರು. ಅದರಿಂದ ಗಾಡಿ ನಿಂತಿತು. ಗಾಡಿ ನಿಲ್ಲದಿರಲೆಂದು ಪೆಟ್ರೋಲ್ ಹೆಚ್ಚಿಸಿದರು, ಅದರಿಂದ ಹೊಗೆ ಕೆಟ್ಟಿತು. ಇಷ್ಟೆಲ್ಲ ಕೆಟ್ಟಿದ್ದು ಪ್ರೀತಿಯಿಂದಲೇ.

ಟ್ಯಾಪೆಟ್ ಹೊಂದಿಸಲು ಎಂಜಿನ್ ಪೂರ್ತಿ ತಣ್ಣಗಾಗಬೇಕು. ಆ ಸಂಜೆ ಗೌರಮ್ಮನನ್ನು ನನ್ನ ಪರಿಚಯದವರ ಕಾರಿನಲ್ಲಿ ಊರಿಗೆ ಕಳಿಸಿದೆವು. ಕಾರು ಖಲೀಲ್‌ನ ಗ್ಯಾರೇಜಿನಲ್ಲೇ ಉಳಿಯಿತು. ಮರುದಿನ ಅವನು ಸ್ಪ್ಯಾನರ್ ಹಿಡಿದಾಗಲೂ ಬಸವರಾಜಪ್ಪ ಅನುಮಾನಿಸಿದರು.

“ಸದ್ದು ಮತ್ತ ಬರ್ತೈತೇನ್ರಿ?”

“ಬರ್ತೈತಿ. ಸದ್ದು ಬೇಕೋ, ದಾರ್ಯಾಗ ನಿಲ್ಲೋದು ಬೇಕೋ, ನೀವ ಹೇಳ್ರಿ.”

ಅವರು ಒಪ್ಪಿ ತಲೆಯಾಡಿಸಿದರು. ಖಲೀಲ್ ಸಂದು ಅಳೆದು ಸರಿಮಾಡಿ, ಕಾರ್ಬೊರೇಟರಿನ ಸ್ಕ್ರೂ ಇನ್ನಷ್ಟು ತಗ್ಗಿಸಿದ. ನಡುಮಧ್ಯಾಹ್ನ ಕುರುಗೋಡು ರಸ್ತೆಯಲ್ಲಿ ಓಡಿಸಿಕೊಂಡು ಬಂದು, ಕಾದ ಎಂಜಿನ್ನಿಗೇ ಪ್ರೋಬ್ ಹಾಕಿದೆ. ಅಂಕಿ ಶೇಕಡಾ ಎರಡರ ಒಳಗೇ ಉಳಿಯಿತು. ಎಂಜಿನ್ ನಿಲ್ಲಲೂ ಇಲ್ಲ. ಪ್ರಿಂಟ್ ತೆಗೆದು ಕೊಟ್ಟೆ.

ಮುಂದಿನ ಡಯಾಲಿಸಿಸ್ ದಿನ ಸಂಜೆ, ಎಂಜಿನ್ ಹೇಗಿದೆ ಎಂದು ಕೇಳಲು ನಾನೇ ಆಸ್ಪತ್ರೆಯ ಹತ್ತಿರ ಹೋದೆ. ಗೌರಮ್ಮ ಆಗಷ್ಟೇ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ್ದರು. ಬಸವರಾಜಪ್ಪ ಚಾಲೂ ಮಾಡಿದರು. ಟಕಟಕ ಶುರುವಾಯಿತು.

“ಒಂಚೂರು ಸದ್ದು ಬರ್ತೈತಿ. ತಡ್ಕೋಬೇಕು ನೋಡು” ಎಂದರು, ತಪ್ಪು ಮಾಡಿದವರಂತೆ.

“ಬರ್ಲಿ ಬಿಡ್ರಿ” ಎಂದರು ಆಕೆ. “ಈ ಸದ್ದಿಗೇ ನನಗ ನಿದ್ದಿ ಹತ್ತತಿತ್ತು. ನಡುವ ಸುಮ್ಕಾತಲ್ಲ, ಆವಾಗಿಂದ ಗಾಡಿ ನಡದೈತೋ ನಿಂತೈತೋ ಅಂತ ಜೀವ ಕೈಯಾಗ ಹಿಡ್ಕೊಂಡು ಬರ್ತಿದ್ನಿ.”

“ಮತ್ತ ಹಣಿ ಯಾಕ ಒತ್ಕೋತಿದ್ದಿ?”

“ಸಂಜಿ ಬಿಸಲು ಮುಖಕ್ಕ ಹೊಡೀತಿತ್ರಿ. ಈ ಎಡಗಡಿ ಕಿಡಕಿಗೆ ಏನೂ ಇಲ್ಲಲ್ಲ.”

ಬಸವರಾಜಪ್ಪ ಹೆಗಲ ಮೇಲಿನ ಟವೆಲ್ ತೆಗೆದು, ಕಾರಿನಿಂದಿಳಿದು, ಎಡಗಡೆ ಕಿಟಕಿಯ ಗಾಜಿಗೆ ಸಿಕ್ಕಿಸಿ ಗಾಜು ಏರಿಸಿದರು. ಅವರು ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿಯೂ ನೋಡದಂತೆ ಬೇರೆ ಕಡೆ ತಿರುಗಿದೆ.

ನನ್ನ ಯಂತ್ರ ಹೊಗೆ ಎಷ್ಟೆಂದು ಹೇಳುತ್ತದೆ, ಯಾಕೆಂದು ಹೇಳುವುದಿಲ್ಲ. ಯಾಕೆಂದು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು, ಅದೂ ಯಾರಿಗೋಸ್ಕರ ಅಷ್ಟೆಲ್ಲ ಮಾಡಿದೆವೋ ಅವರನ್ನೇ ಕೇಳಬೇಕು. ವೃತ್ತಿ ನನಗೆ ಕಲಿಸಿದ್ದು ಇದು. ಮನೆಯಲ್ಲಿ ಮಾತ್ರ ಈಗಲೂ ಕೆಲವು ಸಲ ಕೇಳುವುದು ಮರೆತೇಹೋಗುತ್ತದೆ.