ತಾನೇ ತೊಳೆದುಕೊಳ್ಳುವ ಹಾಳೆ

ನನ್ನ ತಮ್ಮ ಬಸು ನೀರು ಕುಡಿಯುವ ಮುಂಚೆ ಒಂದು ಹನಿಯನ್ನು ಹತ್ತಿರದ ಯಾವುದಾದರೂ ಎಲೆಯ ಮೇಲೆ ಬಿಡುತ್ತಿದ್ದ. ಹನಿ ಉಂಡೆಯಾಗಿ ಉರುಳಿದರೆ ಅವನ ಮುಖ ಅರಳುತ್ತಿತ್ತು. ಹರಡಿಕೊಂಡರೆ, “ಇದು ನಮ್ಮ ಕೆಲಸಕ್ಕ ಬರೂದಿಲ್ಲ” ಎನ್ನುತ್ತಿದ್ದ. ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಅವನು ಓದಿ, ಧಾರವಾಡದ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದ್ದ.

ಗಲಗಲಿ ಹತ್ತಿರದ ನಮ್ಮ ಹೊಲದಲ್ಲಿ ಪಾಲಿಹೌಸ್ ಇದೆ. ಅದರ ಪ್ಲಾಸ್ಟಿಕ್ಕಿಗೆ ಧೂಳು ಕೂತು ಒಳಗಿನ ಮೆಣಸಿನ ಗಿಡಗಳಿಗೆ ಬೆಳಕು ಸಾಲುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಬಸು ಲ್ಯಾಬಿನಲ್ಲಿ ತಾನೇ ತಯಾರಿಸಿದ ಹೊಸ ಲೇಪ ಹಚ್ಚಿದ ಹಾಳೆ ತಂದು ಅಲ್ಲಿ ಕಟ್ಟಿದ.

“ತಾವರಿ ಎಲಿ ನೋಡಿ ಕಲತದ್ದಿದು, ಅಕ್ಕಾ. ಮಳಿ ಬಂದ್ರ ಧೂಳು ತಾನ ಉರುಳಿ ಹೋಗತೈತಿ. ಪತಂಗದ ಕಣ್ಣಿನಂಗ ಬೆಳಕು ಹೊಳ್ಳಿ ಕಳಸೂದಿಲ್ಲ, ಒಳಗ ಬಿಡತೈತಿ. ಆದ್ರ ತಿಕ್ಕಬ್ಯಾಡ. ಲೇಪ ಭಾಳ ನಾಜೂಕ ಐತಿ.”

“ತಾನ ಜಳಕಾ ಮಾಡತೈತಿ? ನಿನಕಿಂತ ಶ್ಯಾಣೇದ ಐತಿ ಬಿಡು. ನಿನ್ನ ಜಳಕಕ್ಕ ಹಿಡಿಯಾಕ ನಾ ಓಣಿ ತುಂಬ ಓಡತಿದ್ದೆ!”

ಅವನು ನಕ್ಕುಬಿಟ್ಟ.

ಮಹಾನವಮಿ ಬಂತೆಂದರೆ ನಮ್ಮಲ್ಲಿ ತೊಳೆಯದ ವಸ್ತು ಉಳಿಯಬಾರದು. ಕೌದಿಗಳನ್ನೆಲ್ಲ ಹೊಳೆಗೆ ಒಯ್ದು ಒಗೆದು ತಂದೆ. ಮರುದಿನ ಬಸುವಿನ ಸಾಹೇಬರು ಹಾಳೆ ನೋಡಲು ಬರುವವರಿದ್ದರು. ಆ ವರ್ಷ ಮಳೆ ಕೈಕೊಟ್ಟು ಅದು ಮಾಸಿತ್ತು. ತಮ್ಮನ ಕೆಲಸ ಹೊಲಸಾಗಿ ಕಾಣಬಾರದೆಂದು ಸೋಪು ಹಚ್ಚಿ, ನಾರಿನಿಂದ ಉಜ್ಜಿದೆ. ಒಂದು ಸಲಕ್ಕೆ ಏನಾದೀತು ಎಂದುಕೊಂಡೆ.

ಸಾಹೇಬರು ನೀರು ಬಿಟ್ಟರು. ನೀರು ಉರುಳಲಿಲ್ಲ, ಹರಡಿ ಅಂಟಿಕೊಂಡಿತು. ಬಸು ನನ್ನತ್ತ ತಿರುಗಿದ.

“ಅಕ್ಕಾ, ಯಾರರೆ ಮುಟ್ಟಿದ್ರೇನು?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಇಲ್ಲಪಾ” ಅಂದೆ.

“ಹಂಗಾರ ಬಿಸಲಿಗೆ ತಡೀಲಿಲ್ರಿ. ನಂದ ತಪ್ಪು” ಎಂದು ಅವನು ಸಾಹೇಬರಿಗೆ ಹೇಳಿದ.

ಲ್ಯಾಬಿನವರು ಆ ಕೆಲಸ ನಿಲ್ಲಿಸಿದರು. ಬಸು ಎಲೆಗಳ ಮೇಲೆ ಹನಿ ಬಿಡುವುದನ್ನೂ ನಿಲ್ಲಿಸಿದ.

ಮರುವರ್ಷ ಅವನಿಗೆ ಕಾಮಾಲೆ ಏರಿತು. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ಸಲಾಯಿನ್ ಹನಿಯುವುದನ್ನೇ ನೋಡುತ್ತಾ, “ಎಲ್ಲಿ ತಪ್ಪಿದೆ ಅನ್ನೂದ ತಿಳೀಲೇ ಇಲ್ಲ ನೋಡಕ್ಕಾ” ಅಂದ. ಸೆರಗಿನಿಂದ ಅವನ ಹಣೆ ಒರೆಸಿದೆ. ಅವನು ಆಸ್ಪತ್ರೆಯಿಂದ ಮನೆಗೆ ಮರಳಲೇ ಇಲ್ಲ.

ಅವನ ಟ್ರಂಕಿನಲ್ಲಿ ಅದೇ ಹಾಳೆಯ ಉಳಿದ ತುಂಡು ಸಿಕ್ಕಿತು. ಅಂಚಷ್ಟೇ ಹಿಡಿದು ಪಾಲಿಹೌಸಿಗೆ ಕಟ್ಟಿದೆ. ಬೇಸಿಗೆಯ ಬಿಸಿಲೆಲ್ಲ ಅದರ ಮೇಲೆ ಬಿತ್ತು, ಧೂಳು ಕೂತಿತು. ಕೊನೆಗೆ ಮಳೆ ಬಂತು. ಹನಿಗಳು ಧೂಳನ್ನು ಹೊತ್ತು ಒಂದರ ಹಿಂದೆ ಒಂದು ಉರುಳಿದವು. ಹಾಳೆಯೇ ಇಲ್ಲವೇನೋ ಎಂಬಂತೆ ಆಕಾಶ ಕಂಡಿತು.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಳೆ ನಿಲ್ಲುವವರೆಗೂ ಅಲ್ಲಿಯೇ ನಿಂತಿದ್ದೆ.