ಇಂಗಿನ ಡಬ್ಬಿಯ ಸಣ್ಣ ಅಕ್ಷರ

ನಮ್ಮ ಅಡುಗೆಮನೆಯ ಡಬ್ಬಿಗಳಲ್ಲೆಲ್ಲ ಅತಿ ಚಿಕ್ಕದು ಇಂಗಿನದು. ಜಂಬ ಮಾತ್ರ ಅತಿ ದೊಡ್ಡದು. ಅಕ್ಕಿಯ ಡಬ್ಬಿ ಮೊಣಕಾಲೆತ್ತರ ನಿಂತಿದ್ದರೂ ಊಟದ ಹೊತ್ತಿನಲ್ಲಿ ಯಾರೂ ಅದರ ಹೆಸರೆತ್ತುವುದಿಲ್ಲ. ಅಂಗುಷ್ಠಪ್ರಮಾಣದ ಈ ಹಳದಿ ಡಬ್ಬಿಯ ಮುಚ್ಚಳ ಸರಿದರೆ ಸಾಕು, ಪುಲಿಕೇಶಿನಗರದ ನಮ್ಮ ಹಳೆಯ ಮನೆಯ ಮಹಡಿಯವರೆಗೂ ಸುದ್ದಿ ಮುಟ್ಟುತ್ತದೆ. ನಲವತ್ತು ವರ್ಷಗಳಿಂದ ಹಲಸೂರಿನ ಒಂದೇ ಅಂಗಡಿ, ಒಂದೇ ಇಂಗು. ಅಷ್ಟು ವರ್ಷದಲ್ಲಿ ಆ ಡಬ್ಬಿಯ ಮೈಮೇಲೆ ಏನು ಬರೆದಿದೆಯೆಂದು ನಾನು ಒಮ್ಮೆಯೂ ಓದಿರಲಿಲ್ಲ. ವಿಮಾ ಕಚೇರಿಯಲ್ಲಿ ಕೂತು, ಬಂದವರಿಗೆಲ್ಲ "ಸಹಿ ಹಾಕೋಕೆ ಮುಂಚೆ ಸಣ್ಣ ಅಕ್ಷರ ಓದ್ಕೊಳ್ಳಿ" ಎಂದು ನಿವೃತ್ತಿಯ ದಿನದವರೆಗೂ ಉಪದೇಶ ಮಾಡಿದವಳು ನಾನು, ನೆನಪಿರಲಿ.

ಮಹಡಿಯಲ್ಲಿರುವವಳು ನಸ್ರೀನ್. ಗಂಡನಿಗೆ ಶಿವಾಜಿನಗರದಲ್ಲಿ ಬಟ್ಟೆ ವ್ಯಾಪಾರ. ಒಬ್ಬಳೇ ಮಗಳು ಸಾರಾ, ಏಳು ವರ್ಷ. ಸಾರಾಗೆ ಆಟಿಸಂ. ನಮಗೆ ಮೆಲ್ಲಗೆ ಕೇಳಿಸುವುದು ಅವಳಿಗೆ ಜೋರಾಗಿ ಕೇಳಿಸುತ್ತದೆ, ನಮಗೆ ಹತ್ತದ ವಾಸನೆ ಅವಳಿಗೆ ಮೆಟ್ಟಿಲ ಮೇಲೇ ಹತ್ತುತ್ತದೆ. ರಸ್ತೆಯ ಹಾರನ್ನಿಗೆ ಕಿವಿ ಮುಚ್ಚಿಕೊಳ್ಳುವ ಹುಡುಗಿ, ತಟ್ಟೆಗೆ ಬಿದ್ದದ್ದನ್ನೆಲ್ಲ ಮೊದಲು ಮೂಸಿ ಆಮೇಲೆ ಒಪ್ಪುತ್ತಾಳೆ ಅಥವಾ ತಳ್ಳುತ್ತಾಳೆ. ಒಪ್ಪುತ್ತಿದ್ದುದು ಮೂರನ್ನೇ: ಹಾಲು, ಹಾಲಿನಲ್ಲಿ ಅದ್ದಿದ ಬನ್ನು, ಬಿಳಿ ಅನ್ನ. ಮಾತನ್ನಂತೂ ಆಡುತ್ತಿರಲಿಲ್ಲ. ಬೇಕಾದದ್ದನ್ನು ಬೇಕೆಂದು ಅವಳು ಒಂದು ಸಲವಾದರೂ ಕೇಳಬೇಕು ಎಂಬುದು ತಾಯಿಯ ಒಂದೇ ಆಸೆ.

ಹೋದ ವರ್ಷ, ಇಂಥ ಮಕ್ಕಳ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು: ಗೋಧಿ, ಹಾಲು ಎರಡನ್ನೂ ಬಿಡಿಸಿದರೆ ಮಕ್ಕಳಿಗೆ ಮಾತು ಬರುತ್ತದೆ ಎಂದು. ನಾನಾಗಿದ್ದರೆ ಅವತ್ತೇ ಹಾಲಿನ ಪ್ಯಾಕೆಟ್ ಕಿಟಕಿಯಿಂದಾಚೆ ಎಸೆಯುತ್ತಿದ್ದೆನೇನೋ. ನಸ್ರೀನ್ ಮೊದಲು ಮಗುವಿನ ಡಾಕ್ಟರ ಬಳಿ ಹೋದಳು, ಜೊತೆಗೆ ನಾನೂ ಹೋಗಿದ್ದೆ. ಅವರು ಸುತ್ತಿಬಳಸಿ ಹೇಳುವವರಲ್ಲ. "ಗಟ್ಟಿ ಪುರಾವೆ ಇಲ್ಲಮ್ಮ. ಮಾಡ್ಲೇಬೇಕು ಅಂತಿದ್ರೆ ಮೂರು ತಿಂಗಳು, ಡಯಟಿಷಿಯನ್ ಹೇಳ್ದಂಗೆ. ತೂಕ ಇಳೀತಾ ಹೋದ್ರೆ ನಿಲ್ಲಿಸ್ಬಿಡ್ಬೇಕು" ಎಂದರು. ಆಟೋದಲ್ಲಿ ಬರುವಾಗ ನಸ್ರೀನ್, "ಒಂದು ಸಲ ಮಾಡಿ ನೋಡ್ತೀನಿ ಆಂಟಿ. ಮಾಡ್ದೇ ಇದ್ರೆ ಸಾಯೋವರೆಗೂ ಮನಸ್ಸು ಕೊರೀತಾ ಇರತ್ತೆ" ಎಂದಳು.

ಆಮೇಲೆ ಅವಳು ಮಾಡಿದ್ದನ್ನು ನೋಡಿ ನಾನು ಬೆರಗಾದೆ. ಮಗುವಿಗೆ ಇಲ್ಲದ್ದು ಮನೆಯಲ್ಲಿ ಯಾರಿಗೂ ಇಲ್ಲ ಎಂದು, ಪರೋಟ ಕಾಣದೆ ತುತ್ತೆತ್ತದ ಗಂಡನಿಗೆ ಜೋಳದ ರೊಟ್ಟಿ ಅಭ್ಯಾಸ ಮಾಡಿಸಿದಳು. ರಂಜಾನಿನಲ್ಲಿ ರಸ್ತೆಯುದ್ದಕ್ಕೂ ಸಮೋಸ ಕರಿಯುತ್ತಿದ್ದರೆ ಇವಳು ಖರ್ಜೂರ, ಅಕ್ಕಿಗಂಜಿಯಲ್ಲಿ ಉಪವಾಸ ಬಿಟ್ಟಳು. ಒಂದು ನೋಟ್‌ಬುಕ್ ಇಟ್ಟು ದಿನಕ್ಕೊಂದು ಪುಟದಲ್ಲಿ ಗೆರೆ ಎಳೆದಳು: ತಿಂದದ್ದು, ನಿದ್ದೆ, ಅಳು, ಮಾತು. ಕೊನೆಯ ಅಂಕಣ ದಿನವೂ ಖಾಲಿ. ಆದರೂ ದಿನವೂ ಗೆರೆ ಎಳೆಯುತ್ತಿದ್ದಳು, ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಸಾರಾ ಬನ್ನಿನ ಕಪಾಟಿನ ಮುಂದೆ ನಿಂತು ಬಾಗಿಲನ್ನು ತಟ್ಟಿ ತಟ್ಟಿ ಸೋತಳು. ಅನ್ನವನ್ನೂ ಬಿಡತೊಡಗಿದಳು. ಮೊದಲ ತಿಂಗಳ ಕೊನೆಗೆ ತೂಕ ಇಳಿದಿತ್ತು. ಇನ್ನೊಂದು ಸಲ ಇಳಿದರೆ ಪಥ್ಯವೂ ಮುಗಿಯಿತು, ಅದಕ್ಕೆ ಕಟ್ಟಿಕೊಂಡ ಆಸೆಯೂ ಮುಗಿಯಿತು.

ಅಂಥ ದಿನಗಳಲ್ಲೇ ನಸ್ರೀನ್ ಖರ್ಜೂರ ತುಂಬಿಸಿ ಕಳಿಸಿದ್ದ ಸ್ಟೀಲ್ ಡಬ್ಬಿ ನನ್ನ ಬಳಿ ಉಳಿದಿತ್ತು. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಮ್ಮನ ಮನೆಯಲ್ಲೂ ಇರಲಿಲ್ಲ, ಅವಳಮ್ಮನ ಮನೆಯಲ್ಲೂ ಇರಲಿಲ್ಲ. ಬೇಳೆ, ಹುಣಸೆ, ಟೊಮೇಟೊ. ತುಪ್ಪದ ಬದಲು ಕಡಲೆಕಾಯಿ ಎಣ್ಣೆಯ ಒಗ್ಗರಣೆ, ಮೇಲೆ ಧಾರಾಳವಾಗಿ ಇಂಗು. ಗೋಧಿಯಿಲ್ಲ, ಹಾಲಿಲ್ಲ, ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡು ಸಾರಿನ ಡಬ್ಬಿ ಮೇಲೆ ಕೊಟ್ಟೆ. ಸಾರಾ ಮೂಸಿದಳು. ಇನ್ನೊಮ್ಮೆ ಮೂಸಿದಳು. ಅನ್ನದ ಮೇಲೆ ಹಾಕಿಸಿಕೊಂಡು ತಟ್ಟೆ ಖಾಲಿ ಮಾಡಿದಳು.

"ನಮ್ ಸಾರಾಗೆ ನಿಮ್ ಸಾರು!" ಎಂದು ನಸ್ರೀನ್ ಮೆಟ್ಟಿಲ ಮೇಲಿಂದಲೇ ಕೂಗಿದಳು. ಅಲ್ಲಿಂದಾಚೆ ದಿನವೂ ಮಧ್ಯಾಹ್ನ ಡಬ್ಬಿ ಇಳಿಯುವುದು, ಡಬ್ಬಿ ಏರುವುದು. ಕೆಲವೊಮ್ಮೆ ಡಬ್ಬಿಯ ಹಿಂದೆ ಸಾರಾಳೇ ಇಳಿದುಬಂದು ಒಲೆಯ ಪಕ್ಕ ನಿಂತು ಹಳದಿ ಡಬ್ಬಿಯನ್ನು ಮೂಗಿಗೆ ಹಿಡಿಯುವಳು. ತೂಕ ಏರಿತು, ನಿದ್ದೆ ಕೂಡಿಬಂತು, ಅಳು ಕಡಿಮೆಯಾಯಿತು. "ಪಥ್ಯ ಕೆಲಸ ಮಾಡ್ತಾ ಇದೆ ಆಂಟಿ" ಎಂದು ಅವಳು ಹೇಳುವಾಗ ನನಗೂ ಕಣ್ಣು ತುಂಬಿ ಬರುತ್ತಿತ್ತು.

ತುಂಬಿ ಬರುತ್ತಿದ್ದ ಆ ಕಣ್ಣಿಗೆ ಅಷ್ಟರಲ್ಲಿ ಪೊರೆಯ ಆಪರೇಷನ್ ಆಯಿತು. ಹೊಸ ಕಣ್ಣು ಬಂದವರಿಗೆ ಕಂಡದ್ದನ್ನೆಲ್ಲ ಓದುವ ಚಪಲ. ಕ್ಯಾಲೆಂಡರ್ ಓದಿದೆ, ಬೆಂಕಿಪೊಟ್ಟಣ ಓದಿದೆ, ಖಾಲಿಯಾದ ಇಂಗಿನ ಡಬ್ಬಿಯನ್ನೂ ಓದಿದೆ. ಅದರಲ್ಲಿ ಇಂಗಿಗಿಂತ ಮೊದಲು ಬರೆದಿದ್ದುದು ಮೈದಾ. ಮೈದಾ ಎಂದರೆ ಗೋಧಿಯೇ ತಾನೆ! ಒಂದೂವರೆ ತಿಂಗಳು, ದಿನಕ್ಕೊಂದು ಚಿಟಿಕೆಯಂತೆ, ನನ್ನ ಕೈಯಾರೆ! ಇಂಗು ತಿಂದ ಮಂಗನ ಹಾಗೆ ಅಡುಗೆಮನೆಯಲ್ಲಿ ಕೂತೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬ ಯೋಚನೆ ಬರಲಿಲ್ಲವೆಂದರೆ ಸುಳ್ಳು ಹೇಳಿದಂತಾಗುತ್ತದೆ. ಆದರೆ ಆ ನೋಟ್‌ಬುಕ್ ನೆನಪಾಯಿತು. ಡಬ್ಬಿ ಹಿಡಿದು ಮೇಲೆ ಹೋದೆ.

ನಸ್ರೀನ್ ಓದಿದಳು. "ಯಾ ಅಲ್ಲಾ" ಎಂದು ಕುರ್ಚಿಯಲ್ಲಿ ಕುಸಿದಳು. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕಣ್ಣೊರೆಸಿಕೊಂಡು ನೋಟ್‌ಬುಕ್ ತೆರೆದು, ಅಷ್ಟೂ ದಿನಗಳ ಪುಟಗಳಲ್ಲಿ ಒಂದೊಂದರಲ್ಲೂ 'ಇಂಗು, ಮೈದಾ' ಎಂದು ಬರೆಯತೊಡಗಿದಳು.

"ಅಷ್ಟು ಚೂರಿಗೆ ಯಾಕಮ್ಮಾ? ಬಿಡು" ಎಂದೆ.

"ಚೂರೋ ಪಾರೋ ಆಂಟಿ, ಇದ್ರಲ್ಲಿ ಸುಳ್ಳು ಬರ್ಕೊಂಡ್ರೆ ನನ್ ಮಗಳಿಗೇ ಮೋಸ ಅಲ್ವಾ?"

ಆಸೆ ಪಡುವುದು ಸುಲಭ, ಸತ್ಯ ಬರೆದಿಡುವುದೂ ಒಂದು ಮಟ್ಟಕ್ಕೆ ಸುಲಭವೇ. ತನ್ನ ಆಸೆಗೆ ತಾನೇ ವಿರುದ್ಧ ಸಾಕ್ಷಿ ಬರೆಯುತ್ತ ಕೂತವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವಳಿಗಿಂತ ಎರಡು ಪಟ್ಟು ವಯಸ್ಸಿನ ನಾನು ಅವತ್ತು ಅವಳ ಮುಂದೆ ಚಿಕ್ಕವಳಾದೆ.

ತಪ್ಪು ತಿದ್ದಿಕೊಳ್ಳಲು ಮರುದಿನವೇ ಹಿಟ್ಟು ಬೆರೆಸದ ಇಂಗನ್ನು ಹುಡುಕಿ ತಂದೆ. ಸಾರಾ ಮೂಸಿದಳು, ತಟ್ಟೆ ತಳ್ಳಿದಳು. ಎರಡನೆಯ ದಿನವೂ ತಳ್ಳಿದಳು. ಮೂರನೆಯ ದಿನ ಮಧ್ಯಾಹ್ನ ತಾನೇ ಇಳಿದುಬಂದಳು. ಅಡುಗೆಮನೆಯಲ್ಲೆಲ್ಲ ಕಣ್ಣಾಡಿಸಿ, ಕಿಟಕಿಯ ಮೇಲೆ ನಾನು ಪಶ್ಚಾತ್ತಾಪಕ್ಕೆಂದು ಉಳಿಸಿಕೊಂಡಿದ್ದ ಖಾಲಿ ಹಳದಿ ಡಬ್ಬಿಯನ್ನು ಎತ್ತಿಕೊಂಡು, ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಆಮೇಲೆ ನನ್ನ ಮುಖ ನೋಡಿದಳು. ಸಾರಾ ಯಾರ ಮುಖವನ್ನೂ ನೋಡುವವಳಲ್ಲ.

ಬಾಗಿಲಲ್ಲಿ ನಸ್ರೀನ್ ನಿಂತಿದ್ದಳು.

"ಅದನ್ನೇ ತನ್ನಿ ಆಂಟಿ" ಎಂದಳು.

"ಅದ್ರಲ್ಲಿ ಗೋಧಿ ಇದೆ ಕಣೆ. ಇನ್ನೂ ಎರಡು ವಾರ ಇದೆಯಲ್ಲ ನಿನ್ ಮೂರು ತಿಂಗಳಿಗೆ."

"ಇರ್ಲಿ. ಅವಳು ಕೇಳಿದ್ಲಲ್ಲ!"

ಡಾಕ್ಟರು ಎಲ್ಲ ಕೇಳಿ, ಒಂದು ಚಿಟಿಕೆ ಮೈದಾದಿಂದ ಯಾವುದನ್ನೂ ಸಾಬೀತು ಮಾಡಲಾಗುವುದಿಲ್ಲ, ನಿದ್ದೆ ಸುಧಾರಿಸಿದ್ದು ಹೊಟ್ಟೆ ತುಂಬಿದ್ದರಿಂದಲೂ ಇರಬಹುದು ಎಂದರು. ಹಾಲನ್ನೂ ಬನ್ನನ್ನೂ ನಿಧಾನವಾಗಿ ಮರಳಿ ಕೊಡಲು ಹೇಳಿದರು. ಯಾವುದು ಫಲ ಕೊಟ್ಟಿತು, ಪಥ್ಯವೋ, ಸಾರೋ, ದಿನವೂ ತಟ್ಟೆಯ ಮುಂದೆ ಮಗಳ ಜೊತೆ ಕೂತ ತಾಯಿಯೋ, ನನಗೆ ತಿಳಿಯದು. ನಾನೀಗ ತಿಳಿಯದು ಎನ್ನುವುದನ್ನು ನಸ್ರೀನಳಿಂದ ಕಲಿಯುತ್ತಿದ್ದೇನೆ.

ಅದೇ ಹಳದಿ ಡಬ್ಬಿ ಮತ್ತೆ ತನ್ನ ಜಾಗದಲ್ಲಿ ಕೂತಿದೆ. ಅದರ ಜಂಬ ಈಗ ನ್ಯಾಯವೇ ಎನಿಸುತ್ತದೆ. ಸಣ್ಣ ಅಕ್ಷರಗಳನ್ನು ಓದುವ ರೂಢಿ ನನಗೆ ಹತ್ತಿದೆ; ಆದರೆ ನಾನು ಓದಿದ ಸಣ್ಣ ಅಕ್ಷರಗಳಲ್ಲೆಲ್ಲ ಬೆಲೆಯುಳ್ಳವು ಆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿವೆ. ಸಾರಾ ನನ್ನ ಕೈಯಲ್ಲಿ ಡಬ್ಬಿ ಇಟ್ಟ ದಿನ ನಸ್ರೀನ್ ಎಂದಿನಂತೆ ಗೆರೆ ಎಳೆದು, ಅಷ್ಟೂ ದಿನ ಖಾಲಿಯಿದ್ದ 'ಮಾತು' ಎಂಬ ಅಂಕಣದಲ್ಲಿ ಬರೆದಿದ್ದಾಳೆ: ಇಂಗು ಕೇಳಿದಳು.