ಕಾಕುವಿನ ತಲೆಯಿಂದ ಹೊಗೆ

ಶುಕ್ರವಾರ ಮಧ್ಯಾಹ್ನ ಮೂರು ಹತ್ತಕ್ಕೆ ಕಾಕುವಿನ ತಲೆಯಿಂದ ಹೊಗೆ ಏಳತೊಡಗಿತು. ಗಡಿಯಾರ ಕನ್ನಡಿಯ ಮೇಲೇ ಇದ್ದುದರಿಂದ ಸಮಯದ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದದ್ದನ್ನು ಇಂದಿಗೂ ಹಿಂದೆ ಮುಂದೆ ಓಡಿಸಿ ನೋಡುತ್ತಿರುತ್ತೇನೆ.

ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲಿದ್ದ ಬ್ಯೂಟಿ ಪಾರ್ಲರ್ ಅದು. ಉಡುಪಿ ಕಡೆಯ ಒಬ್ಬ ಅಕ್ಕ ನಡೆಸುತ್ತಿದ್ದರು. ಬಿ.ಕಾಂ. ಮುಗಿಸಿದ್ದ ನಾನು ಅವರಲ್ಲಿ ಕೆಲಸ ಕಲಿಯುತ್ತಿದ್ದೆ. ಅಪ್ಪ ಶಹಾಡಿನ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ನನಗೊಂದು ಕುರ್ಚಿ ನೋಡಿಟ್ಟಿದ್ದರು. ದೀಪಾವಳಿಯೊಳಗೆ ಈ ಕೂದಲಿನ ಲೈನಿನಲ್ಲಿ ನೆಲೆ ಕಾಣಬೇಕು, ಇಲ್ಲವಾದರೆ ಶಹಾಡು. ಇದು ನಮ್ಮ ಮನೆಯ ಒಪ್ಪಂದ.

ಠಾಕುರ್ಲಿಯಲ್ಲಿದ್ದ ಧಾರವಾಡದ ಹೆಂಗಸೊಬ್ಬರನ್ನು ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಮಗನ ನಿಶ್ಚಿತಾರ್ಥಕ್ಕೆ ಅವರಿಗೆ ಕೂದಲಲ್ಲಿ ಬಂಗಾರದ ಗೆರೆ ಬೇಕಾಗಿತ್ತು. ಆ ವರ್ಷಗಳಲ್ಲಿ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿ ಹೊಕ್ಕರೆ ಹುಲಿವೇಷದ ತಂಡದ ನಡುವೆ ನಿಂತಂತಾಗುತ್ತಿತ್ತು. ಎಲ್ಲರ ತಲೆಯಲ್ಲೂ ಪಟ್ಟೆ.

"ಡೈ ಎಂತಾದ್ರೂ ಹಾಕ್ತೀರಾ ಕಾಕು?" ಎಂದು ಅಕ್ಕ ಕೇಳಿದರು. ಕೇಳಲೇಬೇಕಾದ ಪ್ರಶ್ನೆ. ಆದರೆ ಪಕ್ಕದ ಬೆಂಚಿನಲ್ಲಿ ಕಾಕುವಿನದೇ ಭಜನಾ ಮಂಡಳಿಯ ಹೆಂಗಸರು ಐಬ್ರೋಗೆ ಕಾದು ಕುಳಿತಿದ್ದರು.

ಕಾಕು ಬೆನ್ನು ನೆಟ್ಟಗೆ ಮಾಡಿದರು. "ಡೈ? ನಮ್ಮ ಮನಿತನದಾಗ ಯಾರೂ ಹಚ್ಚಿದ್ದಿಲ್ಲ. ನಮ್ಮವ್ವ ಹೋಗೂತನಾ ಆಕಿ ಕೂದಲು ಕರೇನ ಇತ್ತು."

"ನಮ್ಮ ಕಾಕುದು ಪೂರಾ ಒರಿಜಿನಲ್," ಎಂದಿತು ಬೆಂಚು, ಸ್ವಲ್ಪ ಎಳೆದು.

ಅಕ್ಕ ಬ್ಲೀಚ್ ಹಚ್ಚಿ ಒಂದೊಂದೇ ಎಳೆಯನ್ನು ಫಾಯಿಲ್‌ನಲ್ಲಿ ಸುತ್ತಿದರು. ನಾನು ಬಟ್ಟಲು ಹಿಡಿದು ನಿಂತಿದ್ದೆ. ಕಾಕು ಕಣ್ಣು ಮುಚ್ಚಿ, "ಬೆಚ್ಚಗ ಆಗ್ಲಿಕ್ಕತ್ತದ. ಎಣ್ಣಿ ಹಚ್ಚಿ ಬಿಸಲಾಗ ಕೂತಂಗ. ಚಲೋ ಅನಸ್ತದ," ಎಂದರು. ಆಗ ಹೊಗೆ ಬಂತು.

"ಇದೇನು ಧೂಪದ ಟ್ರೀಟ್‌ಮೆಂಟಾ?" ಎಂದಳು ಬೆಂಚಿನ ಒಬ್ಬಳು. "ನಂಗೂ ಮಾಡ್ತೀರಾ?"

ಅಕ್ಕ ಫಾಯಿಲ್ ಮುಟ್ಟಿ ಕೈ ಕೊಡವಿದರು. ಕಾಕುವನ್ನು ಕುರ್ಚಿ ಸಮೇತ ಬೇಸಿನ್ನಿಗೆ ಎಳೆದು ನಲ್ಲಿ ತಿರುಗಿಸಿದರು. ಶುಕ್ರವಾರ ನಮ್ಮಲ್ಲಿ ನೀರು ಬಂದ್. ಫ್ರಿಜ್ಜಿನ ಬಾಟಲಿಗಳೆಲ್ಲ ಕಾಕುವಿನ ತಲೆಯ ಮೇಲೆ ಖಾಲಿಯಾದವು. ಕೊನೆಗೆ ಅಕ್ಕನ ಊಟದ ಮಜ್ಜಿಗೆಯೂ. ನಾನು ಹಿಡಿದೆಳೆದ ಫಾಯಿಲ್ ಸಲೀಸಾಗಿ ಬಂತು, ಒಳಗಿನ ಕೂದಲೂ ಅದರ ಜೊತೆಗೇ ಬಂತು. ಅಂಗೈಯಲ್ಲಿ ಅದು ಆಗ ತಾನೇ ಇಟ್ಟ ಮೊಟ್ಟೆಯಷ್ಟು ಬಿಸಿಯಾಗಿತ್ತು.

ನೆತ್ತಿ ಕೆಂಪಾಗಿತ್ತಷ್ಟೆ, ಸುಟ್ಟಿರಲಿಲ್ಲ. ಅಕ್ಕ ಕಿವಿಯ ಹತ್ತಿರ ಬಗ್ಗಿ, "ಸತ್ಯ ಹೇಳಿ ಕಾಕು, ಎಂತ ಹಾಕಿದ್ದು?" ಎಂದರು.

ಮಜ್ಜಿಗೆ ಸೋರುತ್ತಿದ್ದ ಕಾಕು ಮೊದಲು ಬೆಂಚಿನತ್ತ ನೋಡಿದರು. "ಕರೀ ಮೆಹಂದಿ. ಅದು ಗಿಡದ್ದವಾ, ಡೈ ಅಲ್ಲ. ಅವರ ಮುಂದ ಅನಬ್ಯಾಡ."

ಆ ಪುಡಿಯಲ್ಲಿ ಗಿಡದ ಜೊತೆ ಲೋಹದ ಲವಣವೂ ಇತ್ತು. ಬ್ಲೀಚ್ ತಾಗಿದ್ದೇ ಅದು ಕುದಿಯಿತು. ಇನ್ನೊಂದಿಷ್ಟು ಹೊತ್ತು ಕಳೆದಿದ್ದರೆ ನೆತ್ತಿಯ ಚರ್ಮವೂ ಹೋಗುತ್ತಿತ್ತು. ಕಾಕು ಮಾತ್ರ ನಿಶ್ಚಿತಾರ್ಥದಲ್ಲಿ ಮೋಟು ಕೂದಲಲ್ಲಿ ಓಡಾಡಿ, ತಿರುಪತಿಗೆ ಹರಕೆ ತೀರಿಸಿದೆ ಎಂದರಂತೆ. ಬೆಂಚು ಲಾಡು ಕೇಳಿತಂತೆ.

ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಹತ್ತಿದರೆ ಅಂಗೈ ಬಿಸಿಯಾಗಿ ಎಚ್ಚರವಾಗುತ್ತಿತ್ತು. "ಕೂದಲು ಹೋದವರು ಗೊರಕೆ ಹೊಡೀತಾ ಇದ್ದಾರೆ, ನಿಂಗೆಂತಕ್ಕೆ ಜಾಗರಣೆ?" ಎಂದರು ಅಮ್ಮ. ಪಾರ್ಲರಿನಲ್ಲಿ ಯಾರ ತಲೆ ಮುಟ್ಟಲು ಹೋದರೂ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಶಹಾಡಿನ ಕುರ್ಚಿ ಕಾಯುತ್ತಿತ್ತು. ಹಾಗಾಗಿ ಅದೇ ಉದ್ಯಮದಲ್ಲಿ ತಲೆಯಿಲ್ಲದ ಕೆಲಸ ಹುಡುಕಿ ಹೊರಟೆ.

ವಾಶಿಯ ಮಾಲ್ ಒಂದರಲ್ಲಿ ಉಗುರಿಗೆ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಉಗುರಿನಿಂದ ಹೊಗೆ ಬರುವುದಿಲ್ಲ ಎಂಬ ಧೈರ್ಯವೇನೋ ಇತ್ತು, ನಿದ್ದೆಗೆಟ್ಟ ಕೈ ಮಾತ್ರ ನಡುಗುತ್ತಿತ್ತು. "ದೀದಿ, ಮೈನೇ ಗುಲಾಬ್ ಬೋಲಾ ಥಾ, ಗೋಭಿ ನಹೀಂ," ಎಂದಳು ಒಬ್ಬ ಕಾಲೇಜು ಹುಡುಗಿ. ನೋಡಿದೆ, ಹೂಕೋಸೇ. ಆಮೇಲೆ ಠಾಣೆಯಲ್ಲಿ ಮದುಮಗಳ ಮೇಕಪ್ಪಿಗೆ ಸಹಾಯಕಿಯಾದೆ. ಕೂದಲು ಸುರುಳಿ ಮಾಡುವ ಮೆಷಿನ್ನಿನಿಂದ ಸ್ವಲ್ಪ ಆವಿ ಬಂದದ್ದೇ ನಾನು ಪ್ಲಗ್ ಕಿತ್ತು ನೀರಿನ ಜಗ್ಗು ಎತ್ತಿಕೊಂಡೆ. ಮದುಮಗಳ ತಾಯಿ ಸಮಯಕ್ಕೆ ಜಗ್ಗು ಹಿಡಿಯದಿದ್ದರೆ ಮುಹೂರ್ತಕ್ಕೆ ಮೊದಲೇ ಮಂಗಳಸ್ನಾನ ಮುಗಿಯುತ್ತಿತ್ತು.

ಮೂರನೆಯದು ಕಲ್ಯಾಣ ಸ್ಟೇಷನ್ ಬಳಿಯ ಅಂಗಡಿಯಲ್ಲಿ ನಿಂತು ಸೌಂದರ್ಯವರ್ಧಕ ಮಾರುವ ಕೆಲಸ. ಕಪಾಟಿನ ತುಂಬ ಕರಿ ಮೆಹಂದಿ. ಕೊಳ್ಳಲು ಬಂದವರಿಗೆಲ್ಲ ನಾನು ಹೊಗೆಯ ಕಥೆ ಹೇಳುತ್ತಿದ್ದೆ. ಪ್ಯಾಕೆಟ್ ಒಂದೂ ಕದಲಲಿಲ್ಲ, ಆದರೆ ಹೆಂಗಸರು ನನ್ನನ್ನು ಶ್ಯಾಂಪೂ ಸಾಲಿನ ಹಿಂದಕ್ಕೆ ಎಳೆದುಕೊಂಡು ಹೋಗಿ ತಾವು ಹಚ್ಚಿಕೊಂಡದ್ದನ್ನೆಲ್ಲ ಒಪ್ಪಿಸತೊಡಗಿದರು. ಒಬ್ಬ ಮರಾಠಿ ಅಜ್ಜಿ, "ಸುನೇಲಾ ಸಾಂಗೂ ನಕೋ," ಎಂದು, ಸೊಸೆಗೆ ಹೇಳದಿರಲು ಭಾಷೆ ತೆಗೆದುಕೊಂಡರು. ಸೊಸೆ ಹಿಂದಿನ ವಾರವೇ ಬಂದು ಅತ್ತೆಗೆ ಹೇಳಬೇಡಿ ಎಂದು ಹೋಗಿದ್ದಳು.

"ನೀವು ಮಾರ್ಲಿಕ್ಕೆ ಬಂದದ್ದಾ, ಅಂಗಡಿ ಮುಚ್ಚಿಸ್ಲಿಕ್ಕಾ?" ಎಂದು ಕೇಳಿ ಮಾಲೀಕರು ನನ್ನನ್ನು ಕಳಿಸಿಕೊಟ್ಟರು.

ಕಲ್ಯಾಣದಿಂದ ಟ್ರೇನಿನಲ್ಲಿ ಬರುವಾಗ ಹೊಳೆಯಿತು. ಅಕ್ಕನ ಪ್ರಶ್ನೆ ಸರಿಯಿತ್ತು. ಕೇಳಿದ ಜಾಗ ತಪ್ಪಾಗಿತ್ತು. ಮಂಡಳಿಯ ಮುಂದೆ ಯಾವ ಹೆಂಗಸು ತಾನೇ ನಿಜ ಹೇಳುತ್ತಾಳೆ? ಇಳಿದವಳೇ ಪಾರ್ಲರಿಗೆ ಹೋಗಿ ಅಕ್ಕನಿಗೆ ಹೇಳಿದೆ.

"ಹಾಗಾದ್ರೆ ನೀನೇ ಕೇಳು ಮಾರಾಯ್ತಿ," ಎಂದು ಅವರು ಹಿಂದಿನ ಅಡುಗೆಮನೆಯನ್ನು ನನಗೆ ಬಿಟ್ಟುಕೊಟ್ಟರು.

ದೀಪಾವಳಿ ಹತ್ತಿರವಾಗಿತ್ತು. ಬಂಗಾರದ ಗೆರೆಗೆಂದು ಒಬ್ಬ ಶಾಲಾ ಟೀಚರ್ ಬಂದರು. ಅಡುಗೆಮನೆಯ ಸ್ಟೂಲಿನಲ್ಲಿ ಕೂರಿಸಿ ಬಾಗಿಲು ಮುಚ್ಚಿ ಕೇಳಿದೆ. ಏನೂ ಹಚ್ಚುವುದಿಲ್ಲ ಎಂದರು. ನಾನು ಅಮ್ಮನನ್ನು ಬಲಿಕೊಟ್ಟೆ: "ನಮ್ಮಮ್ಮ ಕೂಡ ಕದ್ದು ಹಚ್ಚುತ್ತಾರೆ."

ಅವರು ಬಾಗಿಲು ನೋಡಿ ದನಿ ತಗ್ಗಿಸಿದರು. "ಕರಿ ಮೆಹಂದಿ. ಪ್ರತಿ ತಿಂಗಳು. ನಮ್ಮ ಮನೆಯವರು ಡ್ಯೂಟಿಗೆ ಹೋದ ಮೇಲೆ."

ಕತ್ತಿನ ಹಿಂದಿನಿಂದ ಸಣ್ಣ ಎಳೆಯೊಂದನ್ನು ಕತ್ತರಿಸಿ ಬ್ಲೀಚಿನ ಬಟ್ಟಲಿಗೆ ಹಾಕಿದೆ. ಹಾಲು ಉಕ್ಕುವುದನ್ನು ಕಾಯುವವರಂತೆ ಇಬ್ಬರೂ ನೋಡುತ್ತ ಕುಳಿತೆವು. ಬಟ್ಟಲು ಬಿಸಿಯಾಯಿತು, ಗುಳ್ಳೆ ಎದ್ದವು. ತಲೆ ಮಾತ್ರ ಸ್ಟೂಲಿನ ಮೇಲೆ ತಣ್ಣಗೆ ಕುಳಿತಿತ್ತು. ಗೆರೆ ಬೇಡ ಟೀಚರ್, ಕಟ್ ಮಾಡಿ ಕಳಿಸುತ್ತೇನೆ ಎಂದೆ. ಕೂದಲಿಗೆ ಬೆರಳಿಟ್ಟಾಗಲೇ ಗೊತ್ತಾಗಿದ್ದು, ಕೈ ಅರ್ಧಕ್ಕೆ ನಿಂತಿರಲಿಲ್ಲ.

ಅಂದು ಶನಿವಾರ. ಮನೆಗೆ ಬಂದು, ಶಹಾಡಿಗೆ ಹೋಗುವುದಿಲ್ಲ ಎಂದು ಅಪ್ಪನಿಗೆ ಹೇಳಿ ಮಲಗಿದೆ. ಅವರು ಏನೆಂದರೋ ಕೇಳಿಸಲಿಲ್ಲ. ಹಾಲಿನವನು ಬೆಲ್ ಒತ್ತಿದ್ದು ಕೂಡ. "ಏಳ್ತೀಯಾ, ಇಲ್ಲ ನಿನ್ನ ಪಾಲಿನ ಮೀನು ನಿನ್ನ ಅಪ್ಪನಿಗೆ ಬಡಿಸಲಾ?" ಎಂದು ಅಮ್ಮ ಕೂಗಿದಾಗ ಭಾನುವಾರದ ಮಧ್ಯಾಹ್ನವಾಗಿತ್ತು.